ತೂತಿಲ್ಲದ ಕಾರ್ಡುಗಳು

ನಮ್ಮೂರಿನಲ್ಲಿ ಮಾತು ಒಂದು ಮಾರಿನಾಚೆ ಹೋಗುವುದಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತವರಿಗೆ ಕೇಳಿಸುತ್ತದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರೆ ತುಟಿ ಅಲುಗುವುದಷ್ಟೇ ಕಾಣುತ್ತದೆ. ಮದುವೆಯಾಗಿ ಹೊಳೆ ದಾಟಿ ಇಲ್ಲಿಗೆ ಬಂದ ದಿನ ನನ್ನ ಕಿವಿಯೇ ಹೋಯಿತೆಂದು ಹೆದರಿ ಅತ್ತಿದ್ದೆ. ಅತ್ತೆ ಗುರುಸಿದ್ದವ್ವ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, "ಅಳಬ್ಯಾಡ ನೀಲವ್ವಾ. ಕಿವಿಗೇನೂ ಆಗಿಲ್ಲ. ಈ ಊರ ಹಿಂಗ. ರೂಢಿ ಆಗ್ತೈತಿ," ಅಂದಿದ್ದರು. ರೂಢಿ ಆಯಿತು. ತಪ್ಪುಹೆಜ್ಜೆ ಹಾಕುವ ಕೂಸಿನ ಸೊಂಟಕ್ಕೂ ತಾಯಿಯ ಸೊಂಟಕ್ಕೂ ದಾರ ಕಟ್ಟುತ್ತಾರೆ. ಬಳೆಗಾರ ಬಂದರೆ ಕೂಗುವುದಿಲ್ಲ, ಹಳದಿ ಬಟ್ಟೆ ಕಟ್ಟಿದ ಕೋಲನ್ನು ಕಿಟಕಿಯ ಮುಂದೆ ಆಡಿಸುತ್ತಾನೆ. ಜಗಳ ಆಡಬೇಕೆಂದರೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಹಾಗೆ ನಿಂತ ಮೇಲೆ ಎಷ್ಟೋ ಜಗಳಗಳು ತಾವಾಗಿಯೇ ತಣ್ಣಗಾಗುತ್ತಿದ್ದವು.

ಹೀಗಾಗಿ ಈ ಊರಿಗೆ ಫೋನು ಅಂದರೆ ಅನ್ನದಷ್ಟು ಮುಖ್ಯ. ಓಣಿಗೊಂದು ಫೋನಿನ ಕಂಬ, ಕಂಬದ ತುದಿಗೆ ನೀಲಿ ದೀಪ. ಕರೆ ಬಂದರೆ ದೀಪ ಹತ್ತುತ್ತದೆ. ಯಾರ ಕಣ್ಣಿಗೆ ಬೀಳುತ್ತದೋ ಅವರು ಹೋಗಿ ಎತ್ತಬೇಕು, ಯಾರಿಗೆ ಬಂದಿದೆಯೋ ಅವರ ಮನೆಗೆ ಹೋಗಿ ತೋಳು ಮುಟ್ಟಿ ಹೇಳಬೇಕು. ಮಾತಾಡುವುದಕ್ಕೆ ಕಾರ್ಡು ಬೇಕು. ಕಾರ್ಡನ್ನು ಯಂತ್ರದ ಬಾಯಿಗೆ ಕೊಟ್ಟರೆ ಅದು ಟಕ್ಕನೆ ಒಂದು ತೂತು ಹೊಡೆಯುತ್ತದೆ. ಮಾತು ಖರ್ಚಾದ ಹಾಗೆ ತೂತುಗಳು ಹೆಚ್ಚುತ್ತವೆ. ತೂತು ಕೆಳಗಿನ ಅಂಚು ಮುಟ್ಟಿದರೆ ಕಾರ್ಡು ಮುಗಿಯಿತು. ಮೊದಲೆಲ್ಲ ಬರಿ ಬಿಳಿ ಕಾರ್ಡು ಬರುತ್ತಿದ್ದವು. ಮುಗಿದದ್ದನ್ನು ಹೆಂಗಸರು ರೊಟ್ಟಿ ತವೆ ಕೆರೆಯಲು ಇಟ್ಟುಕೊಳ್ಳುತ್ತಿದ್ದರು.

ಆ ವರ್ಷ ಬಿಳಿ ಕಾರ್ಡು ನಿಂತುಹೋದವು. ಅಂಗಡಿಯ ಇಮಾಮಸಾಬ ಹೊಸ ಪೆಟ್ಟಿಗೆ ಒಡೆದಾಗ ಒಳಗಿದ್ದದ್ದೆಲ್ಲ ಬಣ್ಣದ ಕಾರ್ಡು. 'ಏಳು ಬಾಗಿಲ ಕೋಟೆ' ಎಂಬ ವಿಡಿಯೊ ಗೇಮಿನ ಪ್ರಚಾರಕ್ಕೆ ಮಾಡಿಸಿದವಂತೆ. ಒಂದೊಂದು ಬಾಗಿಲಿಗೆ ಒಬ್ಬೊಬ್ಬ ವೀರ. ಎರಡು ಕೊಡಲಿಯವನು, ಹಾವು ಸುತ್ತಿಕೊಂಡವಳು, ಕಬ್ಬಿಣದ ಮುಖದ ಮುದುಕ, ಹೀಗೆ. ಆ ಗೇಮನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ, ಆಡುವ ಯಂತ್ರವೂ ಯಾರ ಮನೆಯಲ್ಲೂ ಇರಲಿಲ್ಲ. ಆದರೆ ಏಳೂ ಕಾರ್ಡು ಒಂದೂ ತೂತಿಲ್ಲದೆ ಜೋಡಿಸಿದವರ ಮನೆಗೆ ಕಂಪನಿಯವರು ಬಂದು ಯಂತ್ರ ಕೂಡಿಸಿಕೊಡುತ್ತಾರೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

ಮೊದಮೊದಲು ಅದೊಂದು ಮೋಜಾಗಿತ್ತು. ಆಮೇಲೆ ನೋಡನೋಡುತ್ತ ಕಂಬದ ದೀಪಗಳು ಹತ್ತುವುದು ಕಡಿಮೆಯಾಯಿತು. ಎಲ್ಲರ ಹತ್ತಿರವೂ ಕಾರ್ಡಿದ್ದವು, ಬಳಸುವವರು ಮಾತ್ರ ಇರಲಿಲ್ಲ. ಹೊಳೆಯ ನೀರು ಏರಿದ ದಿನ ಸಾಲಿ ಬೇಗ ಬಿಟ್ಟರೂ ಮಾಸ್ತರರು ಯಾರಿಗೂ ಕರೆ ಮಾಡಲಿಲ್ಲ. ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ತೊಯ್ದುಕೊಂಡು ನಿಂತವು. ಹಿಂದಿನ ಓಣಿಯಲ್ಲಿ ಹೆರಿಗೆ ನೋವು ಎದ್ದವಳಿಗೆ ಸೂಲಗಿತ್ತಿಯನ್ನು ಕರೆಯಲು ಗಂಡ ಓಡಿಯೇ ಹೋದ. ಆಕೆ ಬರುವಷ್ಟರಲ್ಲಿ ಕೂಸು ಹುಟ್ಟಿ ನೆಲದ ಮೇಲಿತ್ತು. ಅವನ ಜೇಬಿನಲ್ಲಿ ಹಾವಿನವಳ ಹೊಸ ಕಾರ್ಡಿತ್ತೆಂದು ಆಮೇಲೆ ಗೊತ್ತಾಯಿತು. ಜನ ಅವನನ್ನು ಬಯ್ಯಲಿಲ್ಲ. ಹಾವಿನವಳು ಸಿಗುವುದು ಕಷ್ಟ ಎಂದರು. ಆ ಮಾತು ಕೇಳಿದ ಮೇಲೆ ನನ್ನ ಎದೆಯೊಳಗೆ ಒಂದು ಹೆದರಿಕೆ ಬಂದು ಕೂತಿತು.

ನನ್ನ ಹೆದರಿಕೆಗೆ ಕಾರಣವಿತ್ತು. ನನ್ನ ಗಂಡ ಮಡಿವಾಳಪ್ಪ ಊರ ಮೂಡಲಿಗಿರುವ ಕಲ್ಲಿನ ಖಣಿಯಲ್ಲಿ ಮದ್ದು ಸಿಡಿಸುವ ಕೆಲಸದವರು. ನಮ್ಮೂರಿನಲ್ಲಿ ಮದ್ದು ಸಿಡಿದರೂ ಸಪ್ಪಳ ಬರುವುದಿಲ್ಲ. ಅಂಗಾಲಿಗೆ ನೆಲ ನಡುಗಿದ್ದು ತಿಳಿಯುತ್ತದೆ, ಅಷ್ಟರಲ್ಲಿ ಕಲ್ಲು ತಲೆಯ ಮೇಲೆ ಬಂದಿರುತ್ತದೆ. ಅದಕ್ಕೇ ಬತ್ತಿ ಹಚ್ಚುವ ಮುಂಚೆ ಅವರು ಖಣಿಯ ಷೆಡ್ಡಿನ ಫೋನಿನಿಂದ ಕೆಳಗಿನ ಹಳ್ಳದ ಕಂಬಕ್ಕೆ ಕರೆ ಮಾಡಬೇಕು. ಅಲ್ಲಿ ಬಟ್ಟೆ ಒಗೆಯುವವರು, ದನ ಮೇಯಿಸುವವರು ಯಾರಾದರೂ ಎತ್ತುತ್ತಾರೆ, ಎಲ್ಲರನ್ನೂ ದೊಡ್ಡ ಕಲ್ಲುಗುಂಡಿನ ಹಿಂದೆ ಸರಿಸಿ "ತೆರವು" ಎಂದು ಹೇಳುತ್ತಾರೆ. ಆ ಮಾತು ಬರದೆ ನನ್ನ ಗಂಡ ಬತ್ತಿ ಮುಟ್ಟಿದವರಲ್ಲ.

ಮನೆಯಲ್ಲಿ ಕಾರ್ಡಿನ ಹುಚ್ಚು ಹಿಡಿದದ್ದು ಅತ್ತೆಗೆ. ಮಗ ಹೊಟ್ಟೆಯಲ್ಲಿದ್ದಾಗಲೇ ಗಂಡ ಸತ್ತು, ಕಂಡವರ ಮನೆಯಲ್ಲಿ ಜೋಳ ಬೀಸಿ ಮಗನನ್ನು ಬೆಳೆಸಿದವರು ಅವರು. ತಮಗೆಂದು ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಈಗ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆ ತೆಗೆದು ಕಾರ್ಡು ಇಟ್ಟುಕೊಂಡಿದ್ದರು. ದಿನಾ ಮಧ್ಯಾಹ್ನ ಕೌದಿ ಹಾಸಿ ಅದರ ಮೇಲೆ ಸಾಲಾಗಿ ಹರಡುತ್ತಿದ್ದರು. ಆರು ಸೇರಿದ್ದವು. ಏಳನೆಯವಳು ಕುದುರೆ ಏರಿದವಳು, ಅವಳೊಬ್ಬಳು ಸಿಕ್ಕಿರಲಿಲ್ಲ. ಪಕ್ಕದ ಮನೆಯ ತುಂಗವ್ವನ ಹತ್ತಿರವೂ ಆರೇ ಇದ್ದವು, ಅವಳಿಗೂ ಕುದುರೆಯವಳೇ ಬೇಕಾಗಿದ್ದಳು. ಅಂಗಡಿಯ ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಅವಳನ್ನು ತೋರಿಸಿ ಅತ್ತೆ ಒಮ್ಮೆ ನನಗೆ ಹೇಳಿದ್ದರು: "ನೋಡು, ಹಿಂದ ಯಾರೂ ಕುಂತಿಲ್ಲ, ಮುಂದ ಯಾರೂ ಹಗ್ಗಾ ಹಿಡಕೊಂಡಿಲ್ಲ. ಒಬ್ಬಾಕಿನs ಹೊಂಟಾಳ."

ಒಂದು ಸಂಜೆ ಗಂಡನ ಕಾರ್ಡು ಮುಗಿದಿದೆ ಎಂದು ಇಮಾಮಸಾಬನ ಅಂಗಡಿಗೆ ಹೋದೆ. ಅವನು ಕಟ್ಟಿನಿಂದ ತೆಗೆದು ಕೊಟ್ಟ ಕಾರ್ಡು ಕುದುರೆಯವಳದು. ಅಂಗಡಿಯಲ್ಲಿದ್ದವರೆಲ್ಲ ನನ್ನ ಕೈ ನೋಡಿದರು. ಇಮಾಮಸಾಬ ಹಲಗೆಯ ಮೇಲೆ ಬಗ್ಗಿ, "ತಂಗೀ, ಇದನ್ನ ಖಣಿಗೆ ಕೊಟ್ಟು ಕಳಸ್ತೀ ಏನು? ಬ್ಯಾರೆ ಕೊಡ್ಲೇನು?" ಎಂದ. "ಯಾವುದಾದ್ರೇನು ಅಣ್ಣಾ, ಮಾತಾಡಿದ್ರ ಸಾಕು," ಅಂದು ತಂದುಬಿಟ್ಟೆ. ಮಸಾಲೆ ಅರೆಯುತ್ತಿದ್ದ ಕೈಯಲ್ಲೇ ಹೋಗಿದ್ದರಿಂದ ಕಾರ್ಡಿನ ಮೂಲೆಗೆ ಅರಿಶಿನದ ಬೆರಳು ಮೂಡಿತ್ತು. ಅದನ್ನು ಒರೆಸದೆಯೇ ಗಂಡನ ಅಂಗಿಯ ಜೇಬಿಗೆ ಹಾಕಿದೆ.

ಮರುದಿನ ಅವರು ಬೆಳಿಗ್ಗೆಯೇ ಖಣಿಗೆ ಹೋದರು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ತುಂಗವ್ವನ ಜೊತೆ ಹಳ್ಳದ ಕಡೆ ಹೊರಟರು. ಹಳ್ಳದ ದಂಡೆಯ ಚಪ್ಪಟೆ ಬಂಡೆಗಳ ಮೇಲೆ ಕಾರ್ಡು ಹರವಿ ಅದಲುಬದಲು ಮಾಡಿಕೊಳ್ಳುವುದು ಹೆಂಗಸರಿಗೆ ವಾರದ ಸಂತೆಯಂತಾಗಿತ್ತು. ಅವರು ಹೋದ ಮೇಲೆ ನಾನು ಹಾಸಿಗೆ ಎತ್ತಿಡುತ್ತಿದ್ದೆ. ಅತ್ತೆಯ ಕೌದಿ ಮಡಚುವಾಗ ಒಳಗಿನಿಂದ ಒಂದು ಕಾರ್ಡು ಜಾರಿ ಬಿತ್ತು. ಕುದುರೆಯವಳು. ಒಂದೂ ತೂತಿರಲಿಲ್ಲ. ಮೂಲೆಯಲ್ಲಿ ನನ್ನ ಅರಿಶಿನದ ಬೆರಳಿತ್ತು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಇದು ಇಲ್ಲಿದ್ದರೆ ಗಂಡನ ಜೇಬಿನಲ್ಲಿರುವುದು ಯಾವುದು? ಒಲೆಯ ಪಕ್ಕದ ಗೂಡು ನೋಡಿದೆ. ಅಲ್ಲಿ ಅತ್ತೆಯ ಹಳೆಯ ಕಾರ್ಡೊಂದು ಇರುತ್ತಿತ್ತು, ಮೇಲಿಂದ ಕೆಳಗಿನವರೆಗೆ ತೂತು ಬಿದ್ದದ್ದು. ಅದು ಅಲ್ಲಿರಲಿಲ್ಲ.

ಕಾಲಲ್ಲಿ ಚಪ್ಪಲಿ ಇಲ್ಲದೆ ಓಣಿಯ ಕಂಬಕ್ಕೆ ಓಡಿದೆ. ಕುದುರೆಯವಳನ್ನು ಯಂತ್ರದ ಬಾಯಿಗೆ ತುರುಕಿದೆ. ಟಕ್ ಎಂದಿತು. ಖಣಿಯ ಷೆಡ್ಡಿಗೆ ಕರೆ ಹೋಯಿತು, ಹೋಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹಳ್ಳದ ಕಂಬಕ್ಕೆ ಮಾಡಿದೆ. ಅಲ್ಲೂ ಎತ್ತಲಿಲ್ಲ. ಬಂಡೆಯ ಮೇಲೆ ತಲೆ ಬಗ್ಗಿಸಿ ಕೂತ ಹೆಂಗಸರು ದೀಪದ ಕಡೆ ಯಾಕೆ ನೋಡುತ್ತಾರೆ! ಫೋನು ಹಾಗೆಯೇ ಜೋತು ಬಿಟ್ಟು, ಕಾರ್ಡು ಕಿತ್ತುಕೊಂಡು ಹಳ್ಳದ ಕಡೆ ಓಡಿದೆ. ದಾರಿಯಲ್ಲಿ ಸಿಕ್ಕವರು ನನ್ನ ಬಾಯಿ ನೋಡುತ್ತಿದ್ದರು. ನಾನು ಕೂಗುತ್ತಿದ್ದೆನಂತೆ. ಕೂಗಿದರೆ ಏನು ಬಂತು?

ಹಳ್ಳದ ಇಳಿಜಾರಿಗೆ ಬಂದಾಗ ಎಲ್ಲ ಒಮ್ಮೆಗೇ ಕಂಡಿತು. ಬಂಡೆಯ ಮೇಲೆ ಹತ್ತಿಪ್ಪತ್ತು ಹೆಂಗಸರು. ಅವರ ಬೆನ್ನ ಹಿಂದೆ ಕಂಬದ ದೀಪ ಇನ್ನೂ ನೀಲಿಯಾಗಿ ಉರಿಯುತ್ತಿತ್ತು. ಅದರಾಚೆ ಖಣಿಯ ಏರಿಯ ಮೇಲಿನಿಂದ ನನ್ನ ಗಂಡ ಎರಡೂ ಕೈ ಮೇಲೆತ್ತಿ ಬೀಸುತ್ತ ಕೆಳಗೆ ಓಡಿ ಬರುತ್ತಿದ್ದರು.

ನಾನು ಒಬ್ಬೊಬ್ಬರ ರಟ್ಟೆ ಹಿಡಿದು ಎಳೆದೆ. "ಮದ್ದು! ಏಳ್ರಿ! ಗುಂಡಿನ ಹಿಂದ ನಡೀರಿ!" ಒಬ್ಬರಿಗೆ ಹೇಳಿದ್ದು ಪಕ್ಕದವರಿಗೆ ಕೇಳುತ್ತಿರಲಿಲ್ಲ, ಮತ್ತೆ ಹೇಳಬೇಕು, ಮತ್ತೆ ಎಳೆಯಬೇಕು. ತುಂಗವ್ವ ಹರವಿದ ಕಾರ್ಡುಗಳನ್ನು ಬಾಚಿಕೊಳ್ಳಲು ಬಗ್ಗಿದಳು. ಬಾಚಿಕೊಂಡು ಏಳುತ್ತಲೇ ಅವಳನ್ನು ದಬ್ಬಿಯೇ ಬಿಟ್ಟೆ. ಅತ್ತೆಯ ತೋಳು ಹಿಡಿದಾಗ ಅವರ ಕಣ್ಣು ನನ್ನ ಕೈಯಲ್ಲಿದ್ದ ಕಾರ್ಡಿನ ಮೇಲೆ ಬಿತ್ತು. ಕುದುರೆಯ ಕೊರಳಿಗೆ ತೂತು ಬಿದ್ದಿತ್ತು. ಅವರು ನನ್ನ ಮುಖ ನೋಡಿದರು, ಎದ್ದು ಬಂದರು. ಎಲ್ಲರೂ ಗುಂಡಿನ ಹಿಂದೆ ಸೇರಿದ್ದೆವು, ಅಷ್ಟರಲ್ಲಿ ಅಂಗಾಲು ನಡುಗಿತು.

ಆಮೇಲೆ ತಿಳಿದದ್ದು ಇಷ್ಟು. ಗಂಡ ಷೆಡ್ಡಿಗೆ ಹೋಗಿ ಕಾರ್ಡು ಹಾಕಿದ್ದಾರೆ. ಯಂತ್ರ ಅದನ್ನು ಹೊರಗೆ ತಳ್ಳಿದೆ. ಏರಿಯ ಮೇಲೆ ನಿಂತು ನೋಡಿದರೆ ಬಂಡೆಯ ಮೇಲೆ ಹೆಂಗಸರು. ತಾನೇ ಹೋಗಿ ಎಬ್ಬಿಸುತ್ತೇನೆಂದು ಕೆಳಗೆ ಓಡುತ್ತ, ಬತ್ತಿಯ ಹತ್ತಿರ ನಿಂತಿದ್ದ ಮೇಸ್ತ್ರಿ ದ್ಯಾಮಣ್ಣನಿಗೆ "ಬ್ಯಾಡ, ಬ್ಯಾಡ" ಎಂದು ಕೈ ಬೀಸಿದ್ದಾರೆ. ದ್ಯಾಮಣ್ಣ ಅದನ್ನು "ತೆರವು, ಹಚ್ಚು" ಎಂದು ತಿಳಿದಿದ್ದಾನೆ. ಅಷ್ಟು ದೂರದಿಂದ ಕೈ ಬೀಸಿದ್ದಕ್ಕೆ ಯಾವ ಅರ್ಥವೂ ಬರಬಹುದು.

ಧೂಳು ತೆಳ್ಳಗಾದಾಗ ನನ್ನ ಗಂಡ ಇಳಿಜಾರಿನಲ್ಲಿ ಬಿದ್ದಿದ್ದರು. ಚೂಪುಗಲ್ಲೊಂದು ತೊಡೆಯನ್ನು ಸೀಳಿಕೊಂಡು ಹೋಗಿತ್ತು. ರಕ್ತ ಕೆಳಗಿನ ಮಣ್ಣನ್ನು ಆಗಲೇ ಕಪ್ಪು ಮಾಡಿತ್ತು. ನಾನು ಅವರ ಪಕ್ಕ ಕುಸಿದು ಸೆರಗನ್ನು ಗಾಯಕ್ಕೆ ಒತ್ತಿದೆ. ಬೆರಳ ಸಂದಿಯಿಂದ ಬಿಸಿಯಾಗಿ ಬರುತ್ತಲೇ ಇತ್ತು.

ಆಸ್ಪತ್ರೆ ಹೊಳೆಯಾಚೆ. ಗಾಡಿ ಸುತ್ತು ಹಾಕಿಕೊಂಡು ಸೇತುವೆಯ ಮೇಲೆ ಬರಬೇಕು. ನನ್ನ ಕೈಯಿಂದ ಬಿದ್ದ ಕಾರ್ಡು ತೆಗೆದುಕೊಂಡು ಅತ್ತೆ ಕಂಬಕ್ಕೆ ಓಡಿದ್ದನ್ನು ಕಂಡೆ. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಅವರು ಫೋನಿನಲ್ಲಿ ಏನೋ ಹೇಳಿದರು, ಆಮೇಲೆ ನಮ್ಮ ಕಡೆ ತಿರುಗಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಕಂಬಕ್ಕೂ ನನಗೂ ನಡುವೆ ಒಂದು ಅಂಗಳದಷ್ಟು ಜಾಗ. ಅವರು ಫೋನು ಬಿಟ್ಟು ಬಂದರೆ ಅತ್ತ ಕಡೆಯವರ ಮಾತು ತಪ್ಪುತ್ತದೆ, ನಾನು ಹೋದರೆ ಗಾಯದ ಮೇಲಿನ ಕೈ ತಪ್ಪುತ್ತದೆ.

ಮೊದಲು ಹೊಳೆದದ್ದು ಯಾರಿಗೋ ಗೊತ್ತಿಲ್ಲ. ಒಬ್ಬಳು ಅತ್ತೆಯ ಪಕ್ಕ ಹೋಗಿ ನಿಂತಳು. ಅವಳಿಂದ ಒಂದು ಮಾರು ಈಚೆ ಇನ್ನೊಬ್ಬಳು. ಹೀಗೆ ಸಾಲು ನನ್ನ ತನಕ ಬಂತು. ನನ್ನ ಕಿವಿಯ ಹತ್ತಿರ ಮಂಡಿಯೂರಿದವಳು ಹೇಳಿದಳು, "ನರ್ಸಬಾಯಿ ಮಾತಾಡಾಕತ್ಯಾರ. ಗಾಡಿ ಹೊಂಟೈತಂತ. ಅಂವಗ ಎಚ್ಚರ ಐತಿಲ್ಲೋ ಕೇಳ್ತಾರ." "ಐತಿ," ಅಂದೆ. ನನ್ನ ಮಾತು ಬಾಯಿಂದ ಬಾಯಿಗೆ ಕಂಬದ ಕಡೆ ಹೋದದ್ದನ್ನು ಕಣ್ಣಿಂದ ನೋಡಿದೆ. ಮರಳಿ ಬಂತು: "ಎರಡೂ ಕೈಲೆ ಒತ್ತಿ ಹಿಡೀಬೇಕಂತ. ಬಟ್ಟಿ ತೊಯ್ದ್ರ ಅದನ್ನ ತಗೀಬ್ಯಾಡ, ಅದರ ಮ್ಯಾಲೆ ಇನ್ನೊಂದು ಇಡು ಅಂತ. ನೀರು ಕುಡಿಸಬ್ಯಾಡ್ರಿ ಅಂತ." ಯಾರೋ ತಮ್ಮ ಸೆರಗು ಹರಿದು ಕೊಟ್ಟರು.

ಕುದುರೆಯವಳು ಮುಗಿದಳು. ಅತ್ತೆ ಸಂಚಿ ಬಿಚ್ಚಿ ಕೊಡಲಿಯವನನ್ನು ಹಾಕಿದರು. ಆಮೇಲೆ ಹಾವಿನವಳನ್ನು. ಹೊಳೆಯಾಚೆ ಮಾತಾಡಿದರೆ ಕಾರ್ಡು ಬೇಗ ತೀರುತ್ತದೆ. ಟಕ್ ಟಕ್ ಎಂದು ತೂತು ಬೀಳುತ್ತಲೇ ಇರುತ್ತದೆ. ಒಂದಾದ ಮೇಲೊಂದು ಅತ್ತೆಯ ಆರೂ ಹೋದವು. ಗಂಡನ ತುಟಿ ಬೆಳ್ಳಗಾಗಿದ್ದವು. "ನೀಲಾ, ಥಂಡಿ ಆಗಾಕತ್ತೈತಿ," ಅಂದರು. ಅದನ್ನು ಕಳಿಸಿದೆ. ಉತ್ತರ ಸಾಲಿನಲ್ಲಿ ಬರುವುದು ಕಂಡಿತು, ಒಬ್ಬೊಬ್ಬರ ಬಾಯಿ ತೆರೆದು ಮುಚ್ಚುತ್ತಿತ್ತು. ನನ್ನ ಕಿವಿಗೆ ಬಂದದ್ದು ಇಷ್ಟೇ: "ಹೊದಸ್ರಿ ಅಂತ. ಮತ್ತ... ಕೈ ಬಿಡ ಅಂತ."

"ಏನು? ಕೈ ಬಿಡಬೇಕಾ?"

"ಬಿಡ ಅಂತ ಅಷ್ಟs ಬಂತವ್ವಾ. ಅಲ್ಲಿಗೇ ನಿಂತತಿ."

ಬಿಡು ಅಂದರೋ, ಬಿಡಬ್ಯಾಡ ಅಂದರೋ? ಕಂಬದ ಕಡೆ ನೋಡಿದೆ. ಅತ್ತೆ ಖಾಲಿ ಸಂಚಿಯನ್ನು ಒಳಹೊರಗು ಮಾಡಿ ಕೊಡವುತ್ತಿದ್ದರು. ಕಾರ್ಡು ಮುಗಿದು ಮಾತು ನಡುವೆಯೇ ಹರಿದಿತ್ತು. ಸಾಲಿನಲ್ಲಿ ನಿಂತವರೆಲ್ಲರ ಹತ್ತಿರ ಕಾರ್ಡಿದ್ದವು, ಕೆಲವರ ಕೈಯಲ್ಲೇ ಇದ್ದವು. ಯಾರೂ ಕದಲಲಿಲ್ಲ. ತುಂಗವ್ವ ತನ್ನ ಆರನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು. ನನ್ನ ಕೈ ಜೋಮು ಹಿಡಿದಿತ್ತು. ಬಿಡು ಅಂದಿದ್ದರೆ? ಹಿಡಿದದ್ದರಿಂದಲೇ ಕಾಲು ಸಾಯುತ್ತಿದ್ದರೆ? ಒಂದು ಕ್ಷಣ ಬೆರಳು ಸಡಿಲಾಯಿತು. ಬಿಸಿ ಮತ್ತೆ ಉಕ್ಕಿತು. ಹೆದರಿ ಮೈಭಾರವೆಲ್ಲ ಹಾಕಿ ಒತ್ತಿದೆ.

ಅತ್ತೆ ತುಂಗವ್ವನ ಮುಂದೆ ಹೋಗಿ ನಿಂತದ್ದು ಕಂಡಿತು. ಬೇಡಲಿಲ್ಲ, ಕೈ ಮುಗಿಯಲಿಲ್ಲ. ಅವಳ ಕಿವಿಯಲ್ಲಿ ಏನೋ ಹೇಳಿದರು. ಆ ದಿನ ಏನು ಹೇಳಿದರೆಂದು ತುಂಗವ್ವ ನನಗೆ ಎಷ್ಟೋ ಕಾಲದ ಮೇಲೆ ತಿಳಿಸಿದಳು: "ಇಂವ ಬಿದ್ದದ್ದು ನನ್ನಿಂದ ತುಂಗಾ. ನೀವು ಯಾರೂ ನನ್ನಂಗ ಆಗಬ್ಯಾಡ್ರಿ." ತುಂಗವ್ವ ಕಾರ್ಡು ಕೊಟ್ಟಳು. ಒಂದಲ್ಲ, ಆರೂ. ಆಮೇಲೆ ಸಾಲಿನಲ್ಲಿದ್ದವರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸತೊಡಗಿದರು. ಮಾತು ಈ ಕಡೆ ಬರುತ್ತಿತ್ತು, ಬಣ್ಣದ ಕಾರ್ಡುಗಳು ಆ ಕಡೆ ಹೋಗುತ್ತಿದ್ದವು.

"ಬಿಡಬ್ಯಾಡ ಅಂತ! ಕೈ ಬಿಡಬ್ಯಾಡ ಅಂತ ನೀಲವ್ವಾ!"

ಗಾಡಿ ಬರುವವರೆಗೆ ನಾನು ಕೈ ಬಿಡಲಿಲ್ಲ. ಆಸ್ಪತ್ರೆಯವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹಿಂತಿರುಗಿ ನೋಡಿದಾಗ ಕಂಬದ ಬುಡದಲ್ಲಿ ತೂತು ಬಿದ್ದ ವೀರರು ಒಣಗಿದೆಲೆಯಂತೆ ಹರಡಿದ್ದರು. ಯಾರೂ ಅವನ್ನು ಆಯಲಿಲ್ಲ.

ಜೀವ ಉಳಿಯಿತು. ಕಾಲು ಉಳಿಯಿತು, ಆದರೆ ಮೊಣಕಾಲು ಮೊದಲಿನಂತೆ ಮಡಚಲಿಲ್ಲ. ಮನೆಗೆ ಕರೆತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದೆವು. ನೋಡಲು ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ತಪ್ಪು ನಂದು. ಮುಗದ ಕಾರ್ಡ ಇಟ್ಕೊಂಡು ಹೋಗೀನಿ. ಇಷ್ಟು ವರ್ಷ ಕೆಲಸ ಮಾಡಿ ಅಷ್ಟೂ ನೋಡ್ಕೊಳ್ಳಲಿಲ್ಲ." ದ್ಯಾಮಣ್ಣ ಬಂದು ಅತ್ತಾಗಲೂ, "ನಿನ್ನದೇನೂ ಇಲ್ಲಪಾ, ನಾನs ಮೈಮರತೆ," ಅಂದರು. ಖಣಿಯ ಧಣಿ ಬಂದು ನಿಂತು, ಮೈಮರೆಯುವವನ ಕೈಯಲ್ಲಿ ಮದ್ದು ಕೊಡಲಾಗದು ಎಂದು ಹೇಳಿ ಹೋದ. ಅವರು ತಲೆ ತಗ್ಗಿಸಿ ಕೇಳಿಕೊಂಡರು. ನನಗೆ ನಿಜ ಗೊತ್ತಿತ್ತು. ನಾನು ಹೇಳಲಿಲ್ಲ. ಅದು ಹೇಳಬೇಕಾದವರು ಬೇರೆ ಇದ್ದರು. ಅವರು ಹೇಳುವರೋ ಇಲ್ಲವೋ ಎಂದು ದಿನಾ ಕಾಯುವುದು ಆ ಗಾಯದ ಮೇಲೆ ಕೈ ಒತ್ತಿ ಕೂತದ್ದಕ್ಕಿಂತ ಕಷ್ಟವಾಗಿತ್ತು.

ಅತ್ತೆ ದಿನಾ ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಲ್ಲುತ್ತಿದ್ದರು. ಮಂಚದಿಂದ ಅದು ಮೂರು ಮಾರು ದೂರ. ಅಲ್ಲಿ ನಿಂತು ಅವರ ತುಟಿ ಅಲುಗುತ್ತಿತ್ತು, ಬಹಳ ಹೊತ್ತು ಅಲುಗುತ್ತಿತ್ತು. ಗಂಡ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಹೇಳಿ ಮುಗಿಸಿದವರಂತೆ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದರು. ಮರುದಿನ ಮತ್ತೆ ಬಂದು ನಿಲ್ಲುತ್ತಿದ್ದರು.

ಒಂದು ದಿನ ಗಂಡ ಎಚ್ಚರವಾಗಿದ್ದರು. ಹೊಸ್ತಿಲ ಕಡೆ ತಿರುಗಿ ಅವ್ವನ ಬಾಯನ್ನೇ ನೋಡಿದರು. ಮಂಚದ ಅಂಚಿನಲ್ಲಿ ಕೂತಿದ್ದ ನನ್ನನ್ನು, "ಅವ್ವ ಏನೋ ಹೇಳಾಕತ್ತಾಳ. ಏನದು?" ಎಂದು ಕೇಳಿದರು. ನಾನು ಎದ್ದೆ. ನಾನು ಕೂತಿದ್ದ ಜಾಗ ತೋರಿಸಿ ಅತ್ತೆಯನ್ನು ನೋಡಿದೆ. ಅವರು ಗೋಡೆ ಹಿಡಿದುಕೊಂಡು ಬಂದರು, ಕೂತರು, ಮಗನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬಾಗಿಲಿಗೆ ಸರಿದೆ.

ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಗಂಡನ ಮುಖ ಮಾತ್ರ ಕಾಣುತ್ತಿತ್ತು. ಮೊದಲು ಅರ್ಥವಾಗದೆ ಹುಬ್ಬು ಗಂಟಾಯಿತು. ಆಮೇಲೆ ಹುಬ್ಬು ಬಿಚ್ಚಿತು, ಕಣ್ಣು ಅವ್ವನ ಮುಖದಿಂದ ಜಾರಿ ಮಡಚದ ಮೊಣಕಾಲಿನ ಮೇಲೆ ಬಂದು ನಿಂತಿತು. ಅವರು ಕೈ ಬಿಡಿಸಿಕೊಂಡರು. ಗೋಡೆಯ ಕಡೆ ತಿರುಗಿದರು. ಅತ್ತೆ ಏಳಲಿಲ್ಲ. ಅಂಗಳದ ಬಿಸಿಲು ತುಳಸಿಕಟ್ಟೆ ದಾಟಿ ಗೋಡೆ ಹತ್ತುವ ತನಕ ಹಾಗೆಯೇ ಕೂತಿದ್ದರು. ನಾನೂ ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೆಗೆ ಗಂಡ ತಿರುಗದೆಯೇ ಏನೋ ಅಂದರು. ಅತ್ತೆ ದಿಗ್ಗನೆ ಎದ್ದರು. ನನ್ನ ಪಕ್ಕದಿಂದ ಅಡುಗೆಮನೆಗೆ ಹೋಗುವಾಗ ತೋಳು ಹಿಡಿದು ನಿಲ್ಲಿಸಿದೆ.

"ಏನಂದ್ರು ಅತ್ತೀ?"

"ನೀರು ಕೇಳ್ಯಾನ," ಅಂದರು. "ಅವ್ವಾ, ಕುಡ್ಯಾಕ ನೀರು ಕೊಡು ಅಂದಾನ." ತೋಳು ಬಿಡಿಸಿಕೊಂಡು ಕೊಡದ ಕಡೆ ಓಡಿದರು.